ಇದು ಬಿಸಿಲಲ್ಲ ಮಾರಾಯ, ಸೆಕೆ!

ನಾನು ರಾಯಚೂರಿನವನು. ಈ ಒಂದು ಮಾತು ಹೇಳಿಬಿಟ್ಟರೆ ಸಾಕು, ಬಿಸಿಲಿನ ಬಗ್ಗೆ ನನಗೆ ಯಾರೂ ಪಾಠ ಹೇಳೋ ಹಾಗಿಲ್ಲ ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಮೇ ತಿಂಗಳ 42 ಡಿಗ್ರಿಯಲ್ಲಿ ಕ್ರಿಕೆಟ್ ಆಡಿ, ಬೇವಿನ ಮರದ ಕೆಳಗೆ ಗಡಿಗೆ ನೀರು ಕುಡಿದು, ಮತ್ತೆ ಬ್ಯಾಟು ಹಿಡಿದು ಹೋಗುತ್ತಿದ್ದ ಮಂದಿ ನಾವು. ಅಂಥವನು ಅಮೆರಿಕದ ಟೆನೆಸಿಯಲ್ಲಿ, ಅದೂ ಬೆಳಿಗ್ಗೆ ಹೊತ್ತಲ್ಲಿ, ಬರೀ 5 ಕಿಲೋಮೀಟರ್ ಓಡಲು ಹೋಗಿ ಸುಸ್ತಾಗಿ ಹುಲ್ಲಿನ ಮೇಲೆ ಕೂತೆ. ನನ್ನ ರಟ್ಟೆ ಹಿಡಿದು ಕೂರಿಸಿದ್ದು ಬಾಳೆಹಣ್ಣಿನ ವೇಷ ಹಾಕಿಕೊಂಡಿದ್ದ ಒಬ್ಬ ಹೆಂಗಸು.

ಮೊದಲಿಂದ ಹೇಳ್ತೀನಿ.

ಬೊನ್ನರೂ ಅಂತ ಒಂದು ಸಂಗೀತ ಹಬ್ಬ ಇದೆ. 2002ರಿಂದ ಜೂನ್ ತಿಂಗಳಲ್ಲಿ ನಡೆಯುತ್ತದೆ. ಟೆನೆಸಿ ರಾಜ್ಯದ ಮ್ಯಾಂಚೆಸ್ಟರ್ ಅನ್ನೋ ಸಣ್ಣ ಊರಿನ ಪಕ್ಕ ಸುಮಾರು 700 ಎಕರೆ ಹೊಲ. ನಾಲ್ಕು ದಿನ ಅಲ್ಲೇ ಟೆಂಟ್ ಹಾಕಿಕೊಂಡು ಇರಬೇಕು. ಥೇಟ್ ನಮ್ಮ ದೊಡ್ಡ ಜಾತ್ರೆ. ತೇರಿನ ಬದಲು ಸ್ಟೇಜು, ಮಂಡಕ್ಕಿ ಮಿರ್ಚಿ ಬದಲು ಪಿಜ್ಜಾ. ಸ್ಟೇಜುಗಳ ಹೆಸರೇ ತಮಾಷೆ: ಒಂದು ‘ವಾಟ್ ಸ್ಟೇಜ್’, ಇನ್ನೊಂದು ‘ವಿಚ್ ಸ್ಟೇಜ್’. ಮೊದಲ ದಿನ ಫೋನಿನಲ್ಲಿ ಹೆಂಡತಿ “ಎಲ್ಲಿದ್ದೀಯಾ?” ಅಂದಳು. “ವಿಚ್ ಸ್ಟೇಜ್” ಅಂದೆ. “ಅದೇ ಮಾರಾಯ, ಯಾವ ಸ್ಟೇಜ್?” ಅಂದಳು. ಐದು ನಿಮಿಷ ಜಗಳ ಆಯ್ತು.

ಅಲ್ಲಿ ಹಾಡು ಕುಣಿತದ ಜೊತೆಗೆ ಒಂದು ಬೆಳಗಿನ ಓಟವೂ ಇದೆ. ‘ರೂ ರನ್’ ಅಂತಾರೆ. 5 ಕಿಮೀ. ಜನ ವೇಷ ಹಾಕಿಕೊಂಡು ಬರುತ್ತಾರೆ. ಓಡುವವರಿಗೆ ಕೈಗೆ ಕೈ ಹೊಡೆದು ಹುರುಪು ಕೊಡುತ್ತಾರೆ. ಗೆಲ್ಲಬೇಕು ಅಂತ ಬರುವವರು ಕಡಿಮೆ. ನಾನು ಮಾತ್ರ ವಾಚ್ ಕಟ್ಟಿಕೊಂಡು ಹೋಗಿದ್ದೆ. 25 ನಿಮಿಷದಲ್ಲಿ ಮುಗಿಸಬೇಕು ಅಂತ ತಲೆಯಲ್ಲಿ ಕೂತಿತ್ತು. ನಾನಿರುವ ಅಟ್ಲಾಂಟದ ಜಿಮ್‌ನಲ್ಲಿ, ಟ್ರೆಡ್‌ಮಿಲ್ ಮೇಲೆ, ಎಸಿ ಗಾಳಿಯಲ್ಲಿ ಅಷ್ಟಕ್ಕೇ ಮುಗಿಸುತ್ತಿದ್ದೆನಲ್ಲ!

ಇದು 2024ರ ಜೂನ್ ಮಾತು. ಹಿಂದಿನ ರಾತ್ರಿ ಎರಡು ಗಂಟೆ ತನಕ ನಿಂತುಕೊಂಡೇ ಹಾಡು ಕೇಳಿದ್ದೆ. ಎರಡು ಬಿಯರ್ ಆಗಿತ್ತು. ಮಲಗಿದ್ದು ಮೂರಕ್ಕೆ. ಟೆಂಟಿನಲ್ಲಿ ಮಲಗಿದವರಿಗೆ ಗೊತ್ತು, ಬೇಸಿಗೆಯಲ್ಲಿ ಅಲ್ಲಿ ಅಲಾರಂ ಬೇಕಿಲ್ಲ. ಸೂರ್ಯ ಒಂದು ಮಾರು ಮೇಲೆ ಬಂದರೆ ಸಾಕು, ಟೆಂಟು ಇಡ್ಲಿ ಪಾತ್ರೆ ಆಗಿಬಿಡುತ್ತದೆ. ಏಳು ಗಂಟೆಗೆ ಬೆಂದು ಎದ್ದೆ. ಒಂದು ಕಪ್ ಕಾಫಿ ಕುಡಿದು ಶೂ ಕಟ್ಟಿಕೊಂಡೆ.

ಹೆಂಡತಿ ಮಂಗಳೂರಿನವಳು. ಟೆಂಟಿನ ಬಾಗಿಲಲ್ಲಿ ಕೂತು ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದವಳು, “ಇವತ್ತು ಓಡ್ಬೇಡ. ಮೈಯೆಲ್ಲ ಅಂಟಂಟು ಆಗ್ತಾ ಉಂಟು” ಅಂದಳು.

“ಏ, ನಾನು ರಾಯಚೂರಿನವನು. ಇದೇನು ಬಿಸಿಲು?”

“ಇದು ಬಿಸಿಲಲ್ಲ ಮಾರಾಯ, ಸೆಕೆ!”

ಅವಳ ಈ ಮಾತು ಅರ್ಥ ಆಗಲು ನನಗೆ ಮೂರು ಕಿಲೋಮೀಟರ್ ಬೇಕಾಯಿತು.

ಮೊದಲ ಕಿಮೀ ಸಲೀಸು. ಟೆಂಟುಗಳ ಸಾಲಿನ ಮಧ್ಯೆ ಓಟ. ಯಾರೋ ಪಾತ್ರೆ ಬಡಿಯುತ್ತಿದ್ದಾರೆ, ಯಾರೋ ಮಲಗಿದ್ದಲ್ಲಿಂದಲೇ ಕೈ ಎತ್ತುತ್ತಿದ್ದಾರೆ. ಖುಷಿಯಲ್ಲಿ ಇನ್ನೂ ಜೋರಾಗಿ ಓಡಿದೆ. ಎರಡನೇ ಕಿಮೀನಲ್ಲಿ ಬನಿಯನ್ ಪೂರ್ತಿ ಒದ್ದೆ. ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಬೆವರು ಚೆನ್ನಾಗಿ ಬರ್ತಿದೆ, ಅಂದರೆ ಮೈ ತಣ್ಣಗಾಗ್ತಿದೆ ಅಂದುಕೊಂಡೆ. ಮೂರನೇ ಕಿಮೀಗೆ ಒಂದು ವಿಚಿತ್ರ ಆಯ್ತು. ಸುಡುವ ಬಿಸಿಲಲ್ಲಿ ಚಳಿ ಚಳಿ ಅನ್ನಿಸಿ ತೋಳಿನ ಮೇಲೆ ಮುಳ್ಳು ಎದ್ದವು. ಆಮೇಲೆ ಕಾಲು ನನ್ನದಲ್ಲ ಅನ್ನೋ ಹಾಗೆ ಎಲ್ಲೆಲ್ಲೋ ಬೀಳತೊಡಗಿತು. ವಾಚ್ ನೋಡಿದೆ. ಅಂಕಿ ಕಾಣುತ್ತಿದೆ, ಎಷ್ಟು ಅಂತ ತಲೆಗೆ ಹೋಗುತ್ತಿಲ್ಲ.

ಆಗಲೇ ಬಾಳೆಹಣ್ಣು ಬಂದಿದ್ದು. ನನ್ನನ್ನು ದಾಟಿ ಹತ್ತು ಹೆಜ್ಜೆ ಹೋದವಳು ತಿರುಗಿ ನೋಡಿ ವಾಪಸ್ ಬಂದಳು. ರಟ್ಟೆ ಹಿಡಿದು ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಪಕ್ಕದ ಟೆಂಟಿನವರ ಐಸ್ ಪೆಟ್ಟಿಗೆಯಿಂದ ಕೇಳದೆಯೇ ಐಸ್ ತೆಗೆದು, ಟವೆಲಿನಲ್ಲಿ ಸುತ್ತಿ ಕುತ್ತಿಗೆಗೆ, ಕಂಕುಳಿಗೆ ಒತ್ತಿದಳು. ಆಮೇಲೆ ಗೊತ್ತಾಯ್ತು, ಆಕೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಅಂತೆ.

“ಇವತ್ತು ಯಾವ ವಾರ?” ಅಂತ ಕೇಳಿದಳು.

ನನಗೆ ಹೊಳೆಯಲಿಲ್ಲ. ಆದರೆ ಪಕ್ಕದ ಟೆಂಟಿನವರಿಗೂ ಹೊಳೆಯಲಿಲ್ಲ! ಅಲ್ಲಿ ಮೂರನೇ ದಿನದ ಹೊತ್ತಿಗೆ ಯಾರಿಗೂ ವಾರದ ಲೆಕ್ಕ ಇರೋಲ್ಲ. ಹೀಗಾಗಿ ಪ್ರಶ್ನೆ ಬದಲಾಯಿಸಿ, “ನಿನ್ನ ಹೆಂಡತಿಯ ಫೋನ್ ನಂಬರ್ ಹೇಳು” ಅಂದಳು. ನಾನು ಸರಾಗವಾಗಿ ಒಂದು ನಂಬರ್ ಹೇಳಿದೆ. ಅದು ರಾಯಚೂರಿನ ನಮ್ಮ ಮನೆಯ ಹಳೇ ಲ್ಯಾಂಡ್‌ಲೈನು. ಆ ಫೋನು ತೆಗೆಸಿ ಹದಿನೈದು ವರ್ಷ ಆಗಿದೆ.

ಐಸ್ ಒತ್ತಿ ಹತ್ತು ನಿಮಿಷಕ್ಕೆ ಸರಿಹೋದೆ. ಅಷ್ಟರಲ್ಲೇ ಮುಗಿದದ್ದು ನನ್ನ ಪುಣ್ಯ. ತಪ್ಪು ನೂರಕ್ಕೆ ನೂರು ನನ್ನದೇ. ಹೆಂಡತಿ ಹೇಳಿದ್ದಳು, ಮೈ ಹೇಳಿತ್ತು, ನಾನು ಎರಡನ್ನೂ ಕೇಳಲಿಲ್ಲ.

ಅಟ್ಲಾಂಟಕ್ಕೆ ವಾಪಸ್ ಬಂದ ಮೇಲೆ ಇದನ್ನೇ ಓದಿದೆ, ಲೆಕ್ಕ ಹಾಕಿದೆ. ಇಷ್ಟುದ್ದ ಬರೆಯಲು ಕಾರಣವೂ ಆ ಲೆಕ್ಕವೇ.

ನಾವೆಲ್ಲ ದೂರಕ್ಕೆ ಹೆದರುತ್ತೇವೆ. ಮ್ಯಾರಥಾನ್ ಅಂದರೆ ಭಯ, 5ಕೆ ಅಂದರೆ “ಬರೀ ಐದಲ್ವಾ” ಅನ್ನೋ ತಾತ್ಸಾರ. ಆದರೆ ಮೈಯೊಳಗೆ ನಿಮಿಷಕ್ಕೆಷ್ಟು ಬಿಸಿ ಹುಟ್ಟುತ್ತದೆ ಅನ್ನೋದನ್ನು ತೀರ್ಮಾನ ಮಾಡುವುದು ದೂರ ಅಲ್ಲ, ವೇಗ. 70 ಕೆಜಿ ಆಳು ಕಿಲೋಮೀಟರಿಗೆ 5 ನಿಮಿಷದಂತೆ ಓಡಿದರೆ, ಅವನ ಮೈಯಲ್ಲಿ ಹೆಚ್ಚುಕಮ್ಮಿ 750 ವಾಟ್ ಬಿಸಿ ಹುಟ್ಟುತ್ತದೆ. ನಮ್ಮ ಮನೆಗಳಲ್ಲಿದ್ದ ಹಳೇ ಇಸ್ತ್ರಿ ಪೆಟ್ಟಿಗೆ ನೆನಪಿದೆಯಾ? ಅದರ ಮೇಲೆ 750 ವಾಟ್ ಅಂತಲೇ ಬರೆದಿರುತ್ತಿತ್ತು. ಹೊಟ್ಟೆಯೊಳಗೆ ಒಂದು ಇಸ್ತ್ರಿ ಪೆಟ್ಟಿಗೆ ಆನ್ ಮಾಡಿಕೊಂಡು ಓಡಿದ ಹಾಗೆ. ಅದೇ ಆಳು ಕಿಲೋಮೀಟರಿಗೆ 8 ನಿಮಿಷದಂತೆ ಹಗುರವಾಗಿ ಓಡಿದರೆ ಅದು 450–480ಕ್ಕೆ ಇಳಿಯುತ್ತದೆ.

ಈ ಬಿಸಿ ಹೊರಗೆ ಹೋಗುವ ದೊಡ್ಡ ದಾರಿ ಬೆವರು. ಬೆವರು ಬಂದರಷ್ಟೇ ಸಾಲದು, ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೇ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಕೆಳಗೆ ತೊಟ್ಟಿಕ್ಕಿದ ಹನಿಯಿಂದ ಪ್ರಯೋಜನ ಸೊನ್ನೆ. ನನ್ನ ಮೊಣಕೈಯಿಂದ ಬೀಳುತ್ತಿದ್ದ ಹನಿಗಳು ನೀರು ಖಾಲಿ ಮಾಡುತ್ತಿದ್ದವು, ತಂಪು ಮಾಡುತ್ತಿರಲಿಲ್ಲ. ಬೆವರು ಒಂಚೂರೂ ಆರದೇ, ಬೇರೆ ದಾರಿಯಲ್ಲೂ ಬಿಸಿ ಹೊರಹೋಗದೇ ಇದ್ದರೆ, 750 ವಾಟಿಗೆ ಮೈ ಬಿಸಿ ಐದಾರು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. 37ರಿಂದ 40 ಮುಟ್ಟಲು ಹದಿನೇಳು ನಿಮಿಷ ಸಾಕು. ನಿಜವಾಗಿ ಅಷ್ಟು ಕೆಟ್ಟದಾಗುವುದಿಲ್ಲ, ಒಂದಿಷ್ಟಾದರೂ ಆರುತ್ತದೆ. ಆದರೂ 25 ನಿಮಿಷದ ಓಟ ‘ಬರೀ’ ಅಲ್ಲ ಅನ್ನೋದು ಈಗ ಗೊತ್ತಾಯಿತಲ್ಲ? ಮೈ 40 ದಾಟಿ, ಜೊತೆಗೆ ತಲೆ ಗೊಂದಲ ಆದರೆ ಅದನ್ನೇ ಹೀಟ್ ಸ್ಟ್ರೋಕ್ ಅನ್ನೋದು.

ಈಗ ರಾಯಚೂರು, ಮಂಗಳೂರು ವಿಷಯ. ನಮ್ಮೂರಿನದು ಒಣ ಬಿಸಿಲು. ಒಗೆದ ಪಂಚೆ ಅರ್ಧ ಗಂಟೆಗೆ ಗರಿಗರಿ. ಬೆವರು ಬಂದಿದ್ದೇ ಗೊತ್ತಾಗಲ್ಲ, ಬಂದ ಕೂಡಲೇ ಆರಿರುತ್ತದೆ, ಕಾಲರಿನ ಮೇಲೆ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಮಂಗಳೂರಿನಲ್ಲಿ 33 ಡಿಗ್ರಿ ಇದ್ದರೂ ಗಾಳಿಯಲ್ಲೇ ನೀರು ತುಂಬಿರುತ್ತದೆ, ಬೆವರು ಎಲ್ಲಿ ಹೋಗಬೇಕು? ಟೆನೆಸಿಯ ಜೂನ್ ಕೂಡ ಹಾಗೇ. ಕನ್ನಡದಲ್ಲಿ ಇದಕ್ಕೆ ಬೇರೆ ಬೇರೆ ಪದವೇ ಇದೆ, ಬಿಸಿಲು ಮತ್ತು ಸೆಕೆ. ಬಿಸಿಲಿಗೆ ನೆರಳು ಸಿಕ್ಕರೆ ಮುಗೀತು. ಸೆಕೆ ನೆರಳಲ್ಲೂ ಬಿಡಲ್ಲ, ರಾತ್ರಿಯೂ ಬಿಡಲ್ಲ. ಥರ್ಮಾಮೀಟರು ತೋರಿಸದೇ ಇರುವ ವ್ಯತ್ಯಾಸವನ್ನು ಭಾಷೆ ಮೊದಲೇ ಹಿಡಿದಿಟ್ಟಿದೆ. ಅದನ್ನು ಹೆಂಡತಿ ಹೇಳಿದಾಗ ನಾನು ಆಡುಮಾತಿನ ಜಗಳ ಅಂದುಕೊಂಡೆ!

ಇನ್ನೊಂದು ಭ್ರಮೆಯೂ ಒಡೆಯಿತು. ಬಿಸಿಲು ತಡೆಯುವ ಶಕ್ತಿ ಹುಟ್ಟೂರಿನಿಂದ ಬರೋದಲ್ಲ. ದಿನಾ ಬಿಸಿಲಲ್ಲಿ ಮೈ ದಣಿಸಿದರೆ ಒಂದೆರಡು ವಾರಕ್ಕೆ ಬರುತ್ತದೆ, ಬಿಟ್ಟರೆ ಕೆಲವೇ ವಾರಕ್ಕೆ ಹೋಗಿಬಿಡುತ್ತದೆ. ಮನೆ ಎಸಿ, ಕಾರು ಎಸಿ, ಆಫೀಸು ಎಸಿ. ಹನ್ನೆರಡು ವರ್ಷ ಹೀಗೆ ಬದುಕಿದ ಮೇಲೆ ನಾನು ರಾಯಚೂರಿನವನಾಗಿ ಉಳಿದಿದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ.

ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. “ಬಿಸಿಲಾಗ ಓಡಾಕ ಅಷ್ಟ್ ದೂರ ಹೋಗ್ಬೇಕಿತ್ತಾ? ಇಲ್ಲೇ ಬಂದಿದ್ರ ಆಗ್ತಿತ್ತಲ್ಲಪಾ” ಅಂದಳು.

ಇದು ನನ್ನಂಥ ಹವ್ಯಾಸಿಗಳ ಕಥೆ ಮಾತ್ರ ಅಲ್ಲ. ಮಸಾಚುಸೆಟ್ಸ್‌ನ ಫಾಲ್‌ಮೌತ್ ಅನ್ನೋ ಕಡಲೂರಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ 7 ಮೈಲಿ ಓಟ ನಡೆಯುತ್ತದೆ. 1978ರಲ್ಲಿ ಅಲ್ಲಿ ಆಲ್ಬರ್ಟೊ ಸಲಜಾರ್ ಅನ್ನೋ ಇಪ್ಪತ್ತರ ಹುಡುಗ ಓಟದ ಕೊನೆಗೆ ಕುಸಿದ. ಮೈ ಬಿಸಿ 42 ಡಿಗ್ರಿ ಆಸುಪಾಸು. ಪಾದ್ರಿ ಬಂದು ಕೊನೆಯ ಪ್ರಾರ್ಥನೆಯನ್ನೂ ಮಾಡಿಬಿಟ್ಟರು. ಐಸ್ ನೀರಿನಲ್ಲಿ ಮುಳುಗಿಸಿ ಬದುಕಿಸಿದರು. ಎರಡೇ ವರ್ಷಕ್ಕೆ ಅವನು ನ್ಯೂಯಾರ್ಕ್ ಮ್ಯಾರಥಾನ್ ಗೆದ್ದ. ಅದೇ ಓಟದ 18 ವರ್ಷಗಳ ದಾಖಲೆ ತೆಗೆದು ನೋಡಿದ ಅಧ್ಯಯನ ಒಂದಿದೆ. 274 ಜನಕ್ಕೆ ಹೀಟ್ ಸ್ಟ್ರೋಕ್ ಆಗಿತ್ತು. ಸತ್ತವರು ಒಬ್ಬರೂ ಇಲ್ಲ. ಕಾರಣ, ಓಟ ಮುಗಿಯುವ ಜಾಗದಲ್ಲೇ ಐಸ್ ನೀರಿನ ತೊಟ್ಟಿಗಳು ತಯಾರಿದ್ದವು. ಆಂಬುಲೆನ್ಸಿಗೆ ಕಾಯುತ್ತಾ ಕೂರಲಿಲ್ಲ. ಮೊದಲು ತಣಿಸು, ಆಮೇಲೆ ಸಾಗಿಸು, ಅಷ್ಟೇ ಅವರ ಲೆಕ್ಕ.

ಈಗ ಬರ್ತೀನಿ ನನ್ನ ಸಿಟ್ಟಿನ ವಿಷಯಕ್ಕೆ. ಇಲ್ಲಿನ ಒಂದು ಕನ್ನಡ ಕೂಟದ ಬೇಸಿಗೆ ಪಿಕ್ನಿಕ್. ಹೆಸರು ಬೇಡ, ಎಲ್ಲರೂ ನಮ್ಮವರೇ. ಜುಲೈ ತಿಂಗಳು. ಸಂಗೀತ ಸ್ಪರ್ಧೆ, ಅಂತ್ಯಾಕ್ಷರಿ, ಮಧ್ಯೆ 5ಕೆ ಓಟ. ಓಟ ಶುರು ಎಷ್ಟಕ್ಕೆ? ಹನ್ನೊಂದಕ್ಕೆ! ಯಾಕಂದರೆ ಹತ್ತಕ್ಕೆ ಮುಂಚೆ ಯಾರೂ ಬರಲ್ಲ. ಬಂದವರಿಗೆ ಮೊದಲು ಪುಳಿಯೋಗರೆ, ಕೇಸರಿಬಾತು. ಆಮೇಲೆ ಓಡಿ. ಮೊದಲು ಬಂದವರಿಗೆ ಪದಕ. ಐವತ್ತು ದಾಟಿದ ಅಂಕಲ್‌ಗಳು ಆ ಪದಕಕ್ಕಾಗಿ ಓಡಿದ ರೀತಿ ನೋಡಿ ನನ್ನ ಎದೆ ಹೊಡೆದುಕೊಂಡಿತು. ತಣಿಸಲು ಏನಿದೆ ಅಂತ ಕೇಳಿದೆ. “ವಾಟರ್ ಬಾಟಲ್ ಇದೆಯಲ್ಲ ಸಾರ್” ಅಂದರು. ಕುಡಿಯುವ ನೀರು ಬೇಕು, ಬೇಡ ಅಂದವರು ಯಾರು? ಆದರೆ ಬೆಂದವನನ್ನು ಬಾಟಲ್ ನೀರು ಕುಡಿಸಿ ತಣಿಸಲು ಆಗಲ್ಲ. ಮಕ್ಕಳು ಆಟ ಆಡುವ ಪ್ಲಾಸ್ಟಿಕ್ ಈಜುಕೊಳ ಒಂದು, ಹತ್ತು ಚೀಲ ಐಸ್. ಅದರ ಖರ್ಚು ಪದಕಗಳ ಖರ್ಚಿಗಿಂತ ಜಾಸ್ತಿ ಆಗೋಲ್ಲ. ಓಟ ಏಳು ಗಂಟೆಗೆ ಇಡಿ. ಹತ್ತೇ ಜನ ಬರ್ತಾರಾ? ಬರಲಿ. ಜುಲೈನಲ್ಲಿ ವೇಗಕ್ಕೆ ಬಹುಮಾನ ಕೊಡಲೇಬೇಡಿ. ಒಳ್ಳೇ ವೇಷಕ್ಕೆ ಕೊಡಿ.

ಅಸಲಿಗೆ ಬೇಸಿಗೆ ಸಂಗೀತ ಹಬ್ಬ ನಮಗೇನು ಹೊಸತಾ? ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮನವಮಿ ಸಂಗೀತೋತ್ಸವ 1939ರಲ್ಲಿ ಶುರುವಾಯಿತು. ಏಪ್ರಿಲ್ ಬಿಸಿಲಿನ ಕಾಲ. ಕಛೇರಿ ಸಂಜೆಗೆ. ರಾಮನವಮಿ ಅಂದರೆ ಬೀದಿ ಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬೆಲ್ಲ, ನಿಂಬೆ, ಉಪ್ಪು, ನೀರು. ಇಂಜಿನಿಯರಿಂಗ್ ಓದುವಾಗ ನಾನು ಪಾನಕಕ್ಕಾಗಿ ಹೋಗಿ ಸಂಗೀತ ಕೇಳಿ ಬಂದವನು. ನಮ್ಮ ಹಿರಿಯರು ಆ ಕಾಲದಲ್ಲಿ ಜನರನ್ನು ಓಡಿಸಲಿಲ್ಲ. ಕೂರಿಸಿ, ಬೀಸಣಿಗೆ ಕೊಟ್ಟು, ಪಾನಕ ಕುಡಿಸಿದರು.

ಹಾಗಂತ ಓಡಬೇಡಿ ಅಂತ ಹೇಳ್ತಿಲ್ಲ. ಬೊನ್ನರೂ ಓಟ ನನಗೆ ಇವತ್ತಿಗೂ ಇಷ್ಟ. ಅವತ್ತು ಚೇತರಿಸಿಕೊಂಡ ಮೇಲೆ ಅಲ್ಲಿನ ಅಣಬೆ ಆಕಾರದ ಕಾರಂಜಿ ಕೆಳಗೆ ಹೋಗಿ ನಿಂತೆ. ಗುರುತು ಪರಿಚಯ ಇಲ್ಲದ ಮಂದಿ ಬಟ್ಟೆ ಸಮೇತ ನೆನೆಯುತ್ತಿದ್ದರು. ಬಾಳೆಹಣ್ಣೂ ಅಲ್ಲೇ ಇತ್ತು. ಅವಳು ಓಟವನ್ನು ಎಷ್ಟು ಹೊತ್ತಿಗೆ ಮುಗಿಸಿದಳು ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಅವಳ ಕೈಯಲ್ಲಿ ವಾಚೇ ಇರಲಿಲ್ಲ.

ಮರುವರ್ಷ, 2025ರಲ್ಲಿ, ಸರಿಯಾಗಿ ಮಾಡೋಣ ಅಂತ ಹೊರಟೆವು. ಮೂರು ವಾರ ಸಂಜೆ ಸೆಕೆಯಲ್ಲೇ ನಿಧಾನಕ್ಕೆ ಓಡಿ ಮೈ ಹದ ಮಾಡಿಕೊಂಡಿದ್ದೆ. ಹೆಂಡತಿಯೂ ಓಡುತ್ತೇನೆ ಅಂದಳು. ಯಕ್ಷಗಾನದ ಕಿರೀಟದ ಥರ ರಟ್ಟಿನಲ್ಲಿ ಏನೋ ಕತ್ತರಿಸಿಟ್ಟುಕೊಂಡಿದ್ದಳು. ಶುಕ್ರವಾರ ಆಫೀಸಿನಿಂದ ಬೇಗ ಹೊರಟೆವು. ಚಟನೂಗಾ ದಾಟಿ ಮಾಂಟೀಗಲ್ ಬೆಟ್ಟ ಹತ್ತುವಾಗ ಫೋನಿಗೆ ಮೆಸೇಜ್ ಬಂತು. ಮಳೆಗೆ ಹೊಲವೆಲ್ಲ ಕೆಸರಾಗಿ ಹಬ್ಬವನ್ನೇ ಅರ್ಧಕ್ಕೆ ನಿಲ್ಲಿಸಿದ್ದರು.

ಒಂದು ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದೆ. ಧಾರಾಕಾರ ಮಳೆ, ತಣ್ಣನೆ ಗಾಳಿ. ಅವಳು ಬಾಗಿಲು ತೆಗೆದು ಇಳಿದು, ಮಳೆಯಲ್ಲಿ ಕೈ ಚಾಚಿ ನಿಂತು ಕೂಗಿದಳು: “ಈಗ ಓಡು ಮಾರಾಯ, ಈಗ ಎಷ್ಟು ಬೇಕಾದ್ರೂ ಓಡು!”