ಲಿಡೆಲ್ ಹಡಗು ಹತ್ತುವಾಗ ತೀರ್ಮಾನಿಸಿದ್ದಲ್ಲ
1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹಡಗು ಹತ್ತುವಾಗ 100 ಮೀಟರ್ ಓಟದ ಹೀಟ್ಸ್ (ಆರಂಭಿಕ ಸುತ್ತು) ಭಾನುವಾರವೆಂದು ತಿಳಿದು, ಭಾನುವಾರ ದೇವರ ದಿನವೆಂದು ನಂಬಿದ್ದ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಹಿಂದೆ ಸರಿದರು ಎಂದು ಅವರ ಕುರಿತು ನೀವು ಪ್ರಕಟಿಸಿದ ಲೇಖನದಲ್ಲಿದೆ. ಅದು 1981ರ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದ ಕಲ್ಪನೆ. ವೇಳಾಪಟ್ಟಿ ಅವರಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಈ ವ್ಯತ್ಯಾಸ ಸಣ್ಣದಲ್ಲ. ಆ ಬಿಡುವಿನಲ್ಲೇ ಅವರು 400 ಮೀಟರ್‌ಗೆ ತಯಾರಾದದ್ದು. 100ರ ಓಟಗಾರ 400ಕ್ಕೆ ಇಳಿದರೆ ಮೊದಲರ್ಧದಲ್ಲೇ ಶಕ್ತಿ ಸುರಿದುಬಿಡುತ್ತಾನೆ, ಕೊನೆಯ ನೂರು ಮೀಟರಿನಲ್ಲಿ ಕಾಲು ಎತ್ತಲಾಗುವುದಿಲ್ಲ. ಲಿಡೆಲ್ ಅದೂ ಹೊರಗಿನ ಲೇನ್‌ನಲ್ಲಿ, ಎದುರಾಳಿಗಳು ಕಣ್ಣಿಗೇ ಬೀಳದ ಕಡೆ, ಮೊದಲಿನಿಂದಲೇ ಬಿರುಸಾಗಿ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ತಯಾರಿಯಿಲ್ಲದೆ ಇದು ಆಗುವ ಮಾತಲ್ಲ. 200ರಲ್ಲಿ ಕಂಚು ಬಂತು. ಹೀಟ್ಸ್ ನಡೆದ ಭಾನುವಾರ ಅವರು ಪ್ಯಾರಿಸ್ಸಿನ ಸ್ಕಾಟ್ಸ್ ಚರ್ಚಿನಲ್ಲಿದ್ದರು.

‘ಸಾಯುವವರೆಗೂ ಭಾನುವಾರ ಆಟದ ಕಡೆ ತಿರುಗಿ ನೋಡಲಿಲ್ಲ’ ಎಂಬ ಅದೇ ಲೇಖನದ ಸಾಲನ್ನಂತೂ ದಯವಿಟ್ಟು ತಿದ್ದಿ. ಎರಡನೇ ಮಹಾಯುದ್ಧದ ವೇಳೆ ಲಿಡೆಲ್ ಚೀನಾದಲ್ಲಿ ಜಪಾನಿಯರ ಬಂಧನ ಶಿಬಿರದಲ್ಲಿದ್ದಾಗ ಅಲ್ಲಿನ ಮಕ್ಕಳು ಭಾನುವಾರ ಹಾಕಿ ಆಡಲು ಹೋಗಿ, ನೋಡಿಕೊಳ್ಳುವವರಿಲ್ಲದೆ ಹೊಡೆದಾಡಿಕೊಂಡರು. ಆಮೇಲಿನ ಭಾನುವಾರ ರೆಫರಿಯಾಗಿ ನಿಂತದ್ದು ಇದೇ ಲಿಡೆಲ್.