ಅದರವ್ವನ್ನ ಕೇಳಿದ್ಯಾ?

ಅಹಮದಾಬಾದಿಗೆ ಬಂದು ಹದಿನೇಳು ವರ್ಷವಾಯಿತು. ದಾವಣಗೆರೆಯವನು ಅಂದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ‘ಬೆಂಗಳೂರಿನ ಹತ್ತಿರವಾ?’ ಅಂತಾರೆ. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ, ಈಗ ಹೂಂ ಅಂದುಬಿಡುತ್ತೇನೆ. ಎರಡೂ ಊರಿಗೆ ಒಂದು ನಂಟಂತೂ ಇದೆ. ಇದು ಭಾರತದ ಮ್ಯಾಂಚೆಸ್ಟರ್, ನಮ್ಮದು ಕರ್ನಾಟಕದ ಮ್ಯಾಂಚೆಸ್ಟರ್. ಎರಡು ಕಡೆಯೂ ಹತ್ತಿ ಗಿರಣಿಗಳು ಮುಚ್ಚಿದವು, ಬಿರುದು ಮಾತ್ರ ಉಳಿಯಿತು. ಅಪ್ಪ ಅಲ್ಲಿ ಗಿರಣಿಯಲ್ಲಿದ್ದರು, ನಾನು ಇಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಂಪನಿಯೊಂದರ ಲೆಕ್ಕ ಬರೆಯುತ್ತೇನೆ.

ನಾನು ಹೇಳಹೊರಟಿದ್ದು ಗಿರಣಿಯ ಕಥೆಯಲ್ಲ, ಒಂದು ಹಕ್ಕಿ ಮರಿಯನ್ನು ಕೊಂದ ಕಥೆ. ಕೊಂದವನು ನಾನೇ.

ಹೋದ ವರ್ಷ ಮೇ ತಿಂಗಳು. ನೆಲಮಹಡಿಯ ನಮ್ಮ ಮನೆಯ ಹಿಂದೆ ಹಿತ್ತಲು ಅನ್ನಲು ನಾಚಿಕೆಯಾಗುವಷ್ಟು ಜಾಗವಿದೆ: ಒಂದು ಲಿಂಬೆ ಗಿಡ, ಊರಿಂದ ತಂದು ಕುಂಡದಲ್ಲಿ ನೆಟ್ಟ ಕರಿಬೇವು, ಪಾತ್ರೆ ತೊಳೆಯುವ ಕಟ್ಟೆ. ಲಿಂಬೆಯಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಬಾಲದ ಬುಡ ಕೆಂಪಗಿರುತ್ತದಲ್ಲ, ಆ ಜಾತಿ. ಒಂದು ಬೆಳಿಗ್ಗೆ ನೋಡಿದರೆ ಮರಿಯೊಂದು ಕಟ್ಟೆಯ ಪಕ್ಕ ಕೂತಿದೆ. ಮೈತುಂಬ ಗರಿ, ಬಾಲ ಮಾತ್ರ ಮೊಂಡು, ಬಾಯಿಯ ಅಂಚು ಹಳದಿ. ಹಿಡಿಯಲು ಹೋದರೆ ಕುಪ್ಪಳಿಸಿ ತಪ್ಪಿಸಿಕೊಂಡಿತು. ಮೂರನೇ ಸಲಕ್ಕೆ ಸಿಕ್ಕಿತು.

ಮೇಲಿನ ಮನೆಯ ಬಾ ಓಡಿ ಬಂದರು. ಗುಜರಾತಿನಲ್ಲಿ ಹಿರಿಯ ಹೆಂಗಸರನ್ನು ‘ಬಾ’ ಅಂತಾರೆ, ಅಮ್ಮ ಅಂತಲೇ ಅರ್ಥ. ಜೈನರು, ಈರುಳ್ಳಿಯನ್ನೂ ಮನೆಯೊಳಗೆ ಸೇರಿಸದವರು. ಚಪ್ಪಲಿ ಡಬ್ಬಿ ಬಂತು, ಹತ್ತಿ ಬಂತು, ಮೊಮ್ಮಗುವಿಗೆ ಔಷಧಿ ಹಾಕುವ ಡ್ರಾಪರಿನಲ್ಲಿ ಹಾಲು ಬಂತು. ಹುಡುಗನೊಬ್ಬ ಸಹಾಯವಾಣಿಗೆ ಫೋನ್ ಮಾಡಿದ. ಪಿಕಳಾರದ ಮರಿಗೆ ಹುಳ ಬೇಕಲ್ಲವೇ ಅಂತ ನಾನು ಮೆಲ್ಲಗೆ ಅಂದದ್ದಕ್ಕೆ ಬಾ ಕಿವಿ ಮುಚ್ಚಿಕೊಂಡರು. ‘ಒಂದು ಜೀವ ಉಳಿಸೋಕೆ ಹತ್ತು ಜೀವ ಕೊಲ್ಲೋದಾ?’ ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಬೆಳಗಿನಿಂದ ವೈರಿನ ಮೇಲೆ ಎರಡು ಪಿಕಳಾರ ಒಂದೇ ಸಮ ಕೂಗುತ್ತಿದ್ದವು. ಒಂದರ ಕೊಕ್ಕಿನಲ್ಲಿ ಹಸಿರು ಕಂಬಳಿಹುಳ ನೇತಾಡುತ್ತಿತ್ತು. ಅಯ್ಯೋ, ಮರಿ ಕಳಕೊಂಡು ಅಳುತ್ತಿವೆ ಅಂದುಕೊಂಡೆ. ತಿಂಡಿ ತಂದು ಬಾಗಿಲಲ್ಲಿ ನಿಂತಿವೆ ಅಂತ ಹೊಳೆಯಲಿಲ್ಲ.

ಸಂಜೆ ಸ್ಕೂಟರಿನಲ್ಲಿ ಬಂದ ಸ್ವಯಂಸೇವಕ ಡಬ್ಬಿ ತೆಗೆದು ನೋಡಿದ. ಮರಿಯ ಕತ್ತು ಆಗಲೇ ವಾಲಿತ್ತು. ‘ಇದರ ಅಪ್ಪ ಅಮ್ಮ ಎಲ್ಲಿದ್ದವು?’ ಅಂತ ಕೇಳಿದ. ವೈರು ತೋರಿಸಿದೆ. ಅವನು ಬೈಯಲಿಲ್ಲ. ಇಂಥದ್ದು ದಿನಾ ನೋಡಿ ಅಭ್ಯಾಸವಾದವನಂತೆ ಡಬ್ಬಿ ಮುಚ್ಚಿದ. ರಾತ್ರಿ ಊರಿಗೆ ಫೋನ್ ಮಾಡಿ ಅವ್ವನ ಹತ್ತಿರ ಹೇಳಿಕೊಂಡೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ.

‘ಅದರವ್ವನ್ನ ಕೇಳಿದ್ಯಾ?’ ಅಂದಳು.

ಅದಾದ ಮೇಲೆ ಓದಿ, ಕೇಳಿ ತಿಳಿದುಕೊಂಡದ್ದು ಇಷ್ಟು. ಪಿಕಳಾರದ ಮರಿ ಮೊಟ್ಟೆಯೊಡೆದು ಹೆಚ್ಚುಕಡಿಮೆ 12 ದಿನಕ್ಕೆ ಗೂಡು ಬಿಡುತ್ತದೆ, ಆಗ ಅದಕ್ಕೆ ಸರಿಯಾಗಿ ಹಾರಲು ಬರುವುದಿಲ್ಲ. ಗೂಡು ಬಿಟ್ಟ ಮೇಲೆಯೇ ಹಾರುವ ಪಾಠ. ಕೆಲವು ದಿನ ತಗ್ಗಿನ ಕೊಂಬೆ, ಪೊದೆ, ನೆಲ ಅಂತ ಕುಪ್ಪಳಿಸಿಕೊಂಡಿರುತ್ತದೆ, ಅಪ್ಪ ಅಮ್ಮ ಅಲ್ಲಿಗೇ ಬಂದು ಉಣಿಸುತ್ತವೆ. ನಮ್ಮ ಕಣ್ಣಿಗೆ ಅನಾಥ ಅನಿಸಿದ್ದು ಶಾಲೆಗೆ ಹೊರಟ ಮಗು. ಇನ್ನು ಹಾಲು. ಹಕ್ಕಿ ಮೊಲೆಯುಣ್ಣುವ ಪ್ರಾಣಿಯಲ್ಲ, ಹಾಲು ಅದಕ್ಕೆ ಜೀರ್ಣವಾಗುವುದಿಲ್ಲ. ಜೊತೆಗೆ ಅದರ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ನಾವು ಕೊಕ್ಕು ಬಿಡಿಸಿ ಹನಿ ಹಾಕಿದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಬಾ ಮೂರು ಸಲ ಹಾಕಿದ್ದರು, ನಾನು ಡಬ್ಬಿ ಹಿಡಿದುಕೊಂಡಿದ್ದೆ.

ದಾವಣಗೆರೆಯ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ಇದೇ ಪಿಕಳಾರ, ಇಂಥದೇ ಮರಿಗಳು ವರ್ಷಾವರ್ಷ ನೆಲಕ್ಕಿಳಿಯುತ್ತಿದ್ದವು. ನುಗ್ಗೆ ಮರ, ದಾಸವಾಳ, ಬಟ್ಟೆ ಒಗೆಯುವ ಕಲ್ಲು. ಮರಿ ಕಂಡ ದಿನ ಅವ್ವ ನಮಗೆ ಹಿತ್ತಲ ಬಾಗಿಲು ಬಂದ್ ಮಾಡುತ್ತಿದ್ದಳು. ಬಚ್ಚಲಿಗೂ ಸುತ್ತಿ ಹೋಗಬೇಕು. ತಾನು ಮಾತ್ರ ಬಾಗಿಲಲ್ಲಿ ಮೊರ ಹಿಡಿದು ಕೂರುತ್ತಿದ್ದಳು, ಪಕ್ಕದಲ್ಲಿ ಒಂದು ಕೋಲು, ಬೆಕ್ಕು ಬಂದರೆ ಇರಲಿ ಅಂತ. ಅಕ್ಕಿ ಕೇರುತ್ತ, ಕಲ್ಲು ಆರಿಸುತ್ತ ಎರಡು ಮೂರು ದಿನ. ‘ಬಿಡಲೇ ಅದನ್ನ, ಅದರವ್ವ ಅಲ್ಲೇ ಐತಿ’ ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಆಮೇಲೊಂದು ಬೆಳಿಗ್ಗೆ ಮರಿ ನುಗ್ಗೆಯ ಕೊಂಬೆಯಲ್ಲಿರುತ್ತಿತ್ತು. ಅವ್ವ ಅದನ್ನು ಸುದ್ದಿ ಅಂತಲೂ ಹೇಳುತ್ತಿರಲಿಲ್ಲ. ಬಾಗಿಲು ತೆರೆದಿದೆ ಅಂದರೆ ಅದೇ ಸುದ್ದಿ.

ಇದನ್ನೆಲ್ಲ ಬರೆಯುವಾಗ ನಮ್ಮೂರಿನವರು ಮಹಾ ಜಾಣರು ಅಂತ ಎದೆಯುಬ್ಬಿಸುವ ಆಸೆಯಾಗುತ್ತದೆ. ಆದರೆ ನಾವು ಮರಿಯನ್ನು ಮುಟ್ಟದೆ ಇದ್ದದ್ದಕ್ಕೆ ಕಾರಣ ಕೇಳಿ: ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಿಕೊಳ್ಳುವುದಿಲ್ಲ, ಕುಕ್ಕಿ ಕೊಲ್ಲುತ್ತದೆ. ಓಣಿಯಲ್ಲಿ ಎಲ್ಲರೂ ನಂಬಿದ್ದ ಮಾತು. ಸುಳ್ಳು ಅದು. ಕೈಯ ವಾಸನೆ ಹಿಡಿದು ಮರಿಯನ್ನು ದೂರ ಮಾಡುವ ಹಕ್ಕಿಗಳಲ್ಲ ಇವು. ಗರಿ ಬಂದ ಮರಿಯ ಮಟ್ಟಿಗೆ ಆ ಸುಳ್ಳು ಒಳ್ಳೆಯ ಕೆಲಸವನ್ನೇ ಮಾಡಿತು, ನಮ್ಮ ಕೈ ಕಟ್ಟಿ ಹಾಕಿತು. ಆದರೆ ಮುಂಗಾರಿಗೆ ಮುಂಚೆ ಬೀಸುವ ಗಾಳಿಗೆ ಗೂಡು ಸಮೇತ ಬಿದ್ದ, ಕಣ್ಣು ಬಿಡದ, ಬರೀ ಮಾಂಸದ ಮುದ್ದೆಯಂಥ ಮರಿಗಳನ್ನೂ ಅದೇ ನಂಬಿಕೆಯಿಂದ ಇರುವೆಗೆ ಬಿಟ್ಟಿದ್ದೇವೆ. ಎತ್ತಿ ಗೂಡಿಗಿಟ್ಟಿದ್ದರೆ, ಗೂಡು ಹರಿದಿದ್ದರೆ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಕಿ ಅದೇ ಕೊಂಬೆಗೆ ಕಟ್ಟಿದ್ದರೆ, ತಾಯಿ ಬರುತ್ತಿತ್ತೋ ಏನೋ. ‘ಮುಟ್ಟಿದರೆ ಮುಗೀತು’ ಅಂದು ಒಳಗೆ ಬಂದುಬಿಡುತ್ತಿದ್ದೆವು.

ಗೂಬೆಯ ವಿಷಯಕ್ಕೆ ಬಂದರಂತೂ ಮಾತೇ ಬೇಡ. ಮುಚ್ಚಿದ ಗಿರಣಿಯ ಶೆಡ್ಡಿನಲ್ಲಿ ಕಣಜ ಗೂಬೆಯ ಮರಿಗಳಿದ್ದವು, ಹೃದಯದ ಆಕಾರದ ಬಿಳಿ ಮುಖ, ಹತ್ತಿರ ಹೋದರೆ ಹಾವಿನಂತೆ ಬುಸ್ ಅನ್ನುತ್ತಿದ್ದವು. ನಾವು ಕಲ್ಲು ಹೊಡೆದೆವು. ದೊಡ್ಡವರು ಬೇಡ ಅನ್ನಲಿಲ್ಲ. ಗೂಬೆ ಮನೆ ಹೊಕ್ಕರೆ ಆರು ತಿಂಗಳು ಮನೆ ಖಾಲಿ ಬಿಡಬೇಕು ಅನ್ನುವವರು ಯಾಕೆ ಬೇಡ ಅಂದಾರು? ಭತ್ತ, ಮಂಡಕ್ಕಿ, ಗೋದಾಮುಗಳ ಊರು ನಮ್ಮದು. ರಾತ್ರಿಯೆಲ್ಲ ಇಲಿ ಹಿಡಿಯುವ ಹಕ್ಕಿಗೆ ಆರತಿ ಎತ್ತಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಗಲೂ ಇತ್ತು, ನಮ್ಮ ಓಣಿಯ ತನಕ ಬಂದಿರಲಿಲ್ಲ.

ಕನ್ನಡದಲ್ಲಿ ‘ಪಾಪ’ ಅನ್ನುವ ಒಂದು ವಿಚಿತ್ರ ಶಬ್ದವಿದೆ. ಮಾಡಬಾರದ್ದನ್ನು ಮಾಡಿದರೂ ಪಾಪ, ಕನಿಕರ ಬಂದರೂ ಪಾಪ. ಕೆಲವು ವರ್ಷದ ಹಿಂದೆ ಊರಿಗೆ ಹೋದಾಗ ಕುಂದವಾಡ ಕೆರೆಯ ಏರಿ ಮೇಲೆ ವಾಕಿಂಗ್ ಹೋಗಿದ್ದೆ. ಬೆಳ್ಳಕ್ಕಿಯೊಂದರ ರೆಕ್ಕೆಗೆ ಗಾಳಿಪಟದ ದಾರ ಸುತ್ತಿ ಪೊದೆಯಲ್ಲಿ ಒದ್ದಾಡುತ್ತಿತ್ತು. ಬಂದವರೆಲ್ಲ ನಿಂತು ‘ಪಾಪ’ ಅಂದು ಮುಂದೆ ನಡೆದರು. ಯಾರಿಗೆ ಫೋನ್ ಮಾಡಬೇಕು ಅಂತ ಇಬ್ಬರನ್ನು ಕೇಳಿದೆ. ‘ಯಾರು ಬರ್ತಾರ್ರೀ?’ ಅಂದರು. ನಾನೂ ಒಂದು ಸಲ ಪಾಪ ಅಂದು ಮುಂದೆ ನಡೆದೆ. ಸುಳ್ಳೇಕೆ, ಬೆಣ್ಣೆದೋಸೆಗೆ ಹೊತ್ತಾಗುತ್ತಿತ್ತು.

ಅಹಮದಾಬಾದಿನಲ್ಲಿ ಪಾಪಕ್ಕೆ ಒಂದೇ ಅರ್ಥ, ಆ ಅರ್ಥಕ್ಕೆ ಹೆದರಿ ಜನ ಓಡಿ ಬರುತ್ತಾರೆ. ಹಳೆಯ ಓಣಿಗಳಲ್ಲಿ, ಇಲ್ಲಿನವರು ಪೋಳ್ ಅನ್ನುವಲ್ಲಿ, ಹಕ್ಕಿಗೆ ಕಾಳು ಹಾಕಲೆಂದೇ ಕಂಬದ ಮೇಲೆ ಕೆತ್ತನೆಯ ಚಬೂತರೋ ಕಟ್ಟಿದ್ದಾರೆ, ಪುಟ್ಟ ಮಂಟಪದ ಹಾಗೆ. ಬೇಸಿಗೆ ಬಂತೆಂದರೆ ಗೇಟಿಗೊಂದು ಮಣ್ಣಿನ ನೀರ ತಟ್ಟೆ. 1962 ಒತ್ತಿದರೆ ಪಶು ಆಂಬುಲೆನ್ಸ್. ಜನವರಿ 14ರ ಉತ್ತರಾಯಣಕ್ಕೆ ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆ, ಗಾಜಿನ ಪುಡಿ ಸವರಿದ ಮಾಂಜಾ ದಾರಕ್ಕೆ ರೆಕ್ಕೆ ಕತ್ತರಿಸಿ ಹಕ್ಕಿಗಳು ಬೀಳುತ್ತವೆ. ಅದಕ್ಕಾಗಿಯೇ 2017ರಿಂದ ಸರ್ಕಾರ ಕರುಣಾ ಅಭಿಯಾನ ನಡೆಸುತ್ತಿದೆ. ಪಶುವೈದ್ಯರು, ಸ್ವಯಂಸೇವಕರು ಹಗಲೂ ರಾತ್ರಿ ಹೊಲಿಗೆ ಹಾಕುತ್ತಾರೆ. ಬೆಳಿಗ್ಗೆ ದಾರ ಬಿಡುವ ಕೈಯೇ ಸಂಜೆ ಹಕ್ಕಿ ಎತ್ತಿಕೊಂಡು ಓಡುವುದೂ ಉಂಟು. ಮೊದಲ ವರ್ಷ ಇದನ್ನು ನೋಡಿ ನಕ್ಕಿದ್ದೆ. ಕುಂದವಾಡದ ಬೆಳ್ಳಕ್ಕಿಯ ನಂತರ ಆ ನಗೆ ಬರುತ್ತಿಲ್ಲ.

ಹೀಗಾಗಿ ಯಾವ ಊರಿನ ರೀತಿ ಸರಿ ಅಂತ ಕೇಳಿದರೆ ಹಕ್ಕಿಯನ್ನು ನೋಡಿ ಹೇಳಬೇಕಾಗುತ್ತದೆ. ರಕ್ತ ಬರುತ್ತಿದೆ, ರೆಕ್ಕೆ ಜೋತಿದೆ, ಬೆಕ್ಕು ಕಚ್ಚಿದೆ ಅಂದರೆ ನನಗೆ ಅಹಮದಾಬಾದಿನ ಓಟವೇ ಬೇಕು. ಗರಿ ಬಂದ ಮರಿ ನೆಲದ ಮೇಲೆ ಪಿಳಿಪಿಳಿ ನೋಡುತ್ತ ಕೂತಿದೆ ಅಂದರೆ ಅವ್ವನ ಮೊರ ಮತ್ತು ಕೋಲು. ಅವ್ವ ಸುಮ್ಮನೆ ಬಿಟ್ಟವಳಲ್ಲ, ಎರಡು ದಿನದ ಕೆಲಸ ಬಿಟ್ಟು ಕಾದವಳು. ಕುಂದವಾಡದಲ್ಲಿ ನಾನು ಮಾಡಿದ್ದನ್ನು ಅವಳ ಲೆಕ್ಕಕ್ಕೆ ಸೇರಿಸಿ ‘ನಮ್ಮ ಕಡೆ ಹಾಗೇ ಬಿಟ್ಟುಬಿಡ್ತೀವಿ’ ಅಂತ ಇಲ್ಲಿನವರ ಮುಂದೆ ಕೊಚ್ಚಿಕೊಂಡದ್ದೂ ಇದೆ.

ಆ ಹಿತ್ತಲು ಈಗಿಲ್ಲ. ಕಾರು ನಿಲ್ಲಿಸಲು ತಮ್ಮ ಸಿಮೆಂಟ್ ಹಾಕಿಸಿದ. ದಾಸವಾಳದ ಅಗಲ ಎಲೆ ಹೊಲಿದು ಗಿರಣಿಯಿಂದ ಹಾರಿ ಬಂದ ಹತ್ತಿ ತುಂಬಿ ಟುವ್ವಿ ಹಕ್ಕಿ ಮೆತ್ತನೆ ಗೂಡು ಮಾಡುತ್ತಿತ್ತು. ಈಗ ದಾಸವಾಳವೂ ಇಲ್ಲ, ಹತ್ತಿಯೂ ಇಲ್ಲ. ಅವನನ್ನು ಬೈಯಲು ನನಗೇನು ಹಕ್ಕು, ವರ್ಷಕ್ಕೊಮ್ಮೆ ಹೋದಾಗ ನಾನೂ ಅಲ್ಲೇ ಕಾರು ನಿಲ್ಲಿಸುತ್ತೇನೆ.

ಈ ಏಪ್ರಿಲ್‌ನಲ್ಲಿ ಲಿಂಬೆಯಲ್ಲಿ ಮತ್ತೆ ಗೂಡು ಬಂತು. ಮತ್ತೊಂದು ಬೆಳಿಗ್ಗೆ, ಮತ್ತೊಂದು ಮೊಂಡು ಬಾಲ, ಕರಿಬೇವಿನ ಕುಂಡದ ಹಿಂದೆ. ಬಾ ಡ್ರಾಪರ್ ಹಿಡಿದೇ ಇಳಿದು ಬಂದರು. ಹೋದ ವರ್ಷದ್ದನ್ನು ನೆನಪಿಸುವ ಧೈರ್ಯ ಬರಲಿಲ್ಲ. ಒಂದು ಕುರ್ಚಿ ತಂದು ಬಾಗಿಲೊಳಗೆ ಹಾಕಿದೆ, ಕೈಗೊಂದು ಕೋಲು ಕೊಟ್ಟೆ. ಬೆಕ್ಕಿಗೆ ಹೊಡೆಯುವುದಿಲ್ಲ, ನೆಲಕ್ಕೆ ತಟ್ಟುವುದು ಮಾತ್ರ ಅಂತ ಮೊದಲೇ ಕರಾರು ಮಾಡಿ ಕೂತರು. ನಾನು ಪಕ್ಕದಲ್ಲಿ ತೂವರ್, ಅಂದರೆ ತೊಗರಿ ಕಾಯಿ ಸುಲಿಯುತ್ತ ಕೂತೆ.

ಅರ್ಧ ಗಂಟೆಯಾದ ಮೇಲೆ ವೈರಿನಿಂದ ಪಿಕಳಾರ ಇಳಿಯಿತು. ಕೊಕ್ಕಿನಲ್ಲಿ ಹುಳ ಇನ್ನೂ ಮಿಸುಕುತ್ತಿತ್ತು. ಬಾ ತಟ್ಟನೆ ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿದರು, ತುಟಿ ಏನೋ ಮಂತ್ರ ಹೇಳುತ್ತಿತ್ತು.

ಸ್ವಲ್ಪ ಹೊತ್ತು ಬಿಟ್ಟು, ಕಣ್ಣು ತೆರೆಯದೆಯೇ, ‘ಗಯು?’ ಅಂತ ಕೇಳಿದರು. ಹೋಯಿತಾ?

‘ಗಯು, ಬಾ’ ಅಂದೆ.