ಲಾಭ ತರುವ ಪ್ರಾಣಿ ಬೇಕಾಗಿದೆ

ಕಲಬುರಗಿ ಜನರಿಗೆ ಕಾಡುಪ್ರಾಣಿಗಳ ಮೇಲೆ ಪ್ರೀತಿ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ರೀತಿ ಬೇಕಾದಷ್ಟಿದೆ. ಪ್ರಾಣಿ ಮನೆಗೆ ದುಡ್ಡು ತರಬೇಕು, ಅಷ್ಟೇ ಷರತ್ತು.

ನಮ್ಮ ಓಣಿಯಲ್ಲಿ ಒಬ್ಬ ಗುತ್ತಿಗೆದಾರರಿದ್ದಾರೆ. ಅವರ ದೇವರ ಕೋಣೆಯ ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ ಟಬ್ಬು. ಟಬ್ಬಿನಲ್ಲಿ ನಾಲ್ಕು ಬೆರಳು ನೀರು. ನೀರಿನಲ್ಲಿ ಒಂದು ನಕ್ಷತ್ರ ಆಮೆ. ಅದರ ಬೆನ್ನ ಮೇಲೆ ಅರಿಶಿನ, ಕುಂಕುಮ ಮತ್ತು ಐದು ರೂಪಾಯಿ ನಾಣ್ಯ. ಆಮೆ ಬಂದ ಮೇಲೆ ಬಿಲ್ಲುಗಳು ಬೇಗ ಪಾಸಾಗುತ್ತಿವೆಯಂತೆ. ಬಿಲ್ಲು ಪಾಸಾಗಲು ಇನ್ಯಾರ ಬೆನ್ನ ಮೇಲೆ ಎಷ್ಟು ನಾಣ್ಯ ಇಟ್ಟರು ಅನ್ನೋದು ನಮಗೇಕೆ, ಅಲ್ವಾ?

ತೊಂದರೆ ಏನೆಂದರೆ, ನಕ್ಷತ್ರ ಆಮೆ ನೀರಿನ ಪ್ರಾಣಿಯೇ ಅಲ್ಲ. ಅದು ಒಣ ನೆಲದ ಆಮೆ. ಕುರುಚಲು ಗಿಡಗಳ ಮಧ್ಯೆ ಹುಲ್ಲು, ಸೊಪ್ಪು ಮೇಯುತ್ತಾ ತಿರುಗುತ್ತದೆ. ಈಜು ಬರುವುದಿಲ್ಲ. ನೀರು ಜಾಸ್ತಿಯಾದರೆ ಮುಳುಗಿ ಸಾಯುತ್ತದೆ. ಇದನ್ನು ಮೆಲ್ಲಗೆ ಹೇಳಿ ನೋಡಿದೆ. 'ಆಮಿ ಅಂದ್ರ ನೀರಾಗೇ ಇರ್ತದ್ರಿ. ಕೂರ್ಮಾವತಾರ ಕೇಳಿಲ್ಲೇನು ನೀವು?' ಅಂದರು. ಮಾತು ವಿಷ್ಣುವಿನ ತನಕ ಹೋದ ಮೇಲೆ ನಾನು ಸುಮ್ಮನಾದೆ. ಅಷ್ಟರಲ್ಲಿ ಮನೆಯ ಅಕ್ಕಾವರು ಅದಕ್ಕೆ ಮೊಸರನ್ನ ತಂದಿಟ್ಟರು. ಅದು ತಲೆ ಒಳಗೆ ಎಳೆದುಕೊಂಡಿತು. 'ಭಾಳ ಸಂಕೋಚ ಅದ ಅದಕ್ಕ' ಅಂತ ಅವರಿಗೆ ಹೆಮ್ಮೆ.

ಈ ಆಮೆಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 2019ರಲ್ಲೇ ಬೀಗ ಬಿದ್ದಿದೆ. ನಮ್ಮ ದೇಶದಲ್ಲಿ ಮನೆಯಲ್ಲಿಟ್ಟುಕೊಂಡರೂ ಅಪರಾಧ. ಆದರೆ ಆಮೆಯನ್ನು ಉತ್ತರ ದಿಕ್ಕಿಗೆ ಇಡಿ ಅನ್ನುವ ವಾಸ್ತು ಪಂಡಿತರು ಜೈಲು ಯಾವ ದಿಕ್ಕಿಗಿದೆ ಅಂತ ಮಾತ್ರ ಹೇಳುವುದಿಲ್ಲ.

ಆಮೆ ಮಧ್ಯಮ ವರ್ಗದವರ ಆಸೆ. ಕೋಟಿ ಲೆಕ್ಕದ ಕನಸು ಕಾಣುವವರಿಗೆ ಎರಡು ತಲೆ ಹಾವಿದೆ. ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ. ಹಿಡಿಯಲು ಬಂದ ಶತ್ರು ಮೋಸ ಹೋಗಲಿ ಅಂತ ಪ್ರಕೃತಿ ಮಾಡಿದ ಏರ್ಪಾಡು. ಹದ್ದು ಮೋಸ ಹೋಗುತ್ತದೋ ಇಲ್ಲವೋ, ನಮ್ಮವರು ಹೋಗುತ್ತಾರೆ. ತೂಕ ಜಾಸ್ತಿಯಾದಷ್ಟೂ ರೇಟು ಜಾಸ್ತಿ. ಈ ವರ್ಷ ತೊಗರಿಗೆ ಬೆಂಬಲ ಬೆಲೆ ಎಷ್ಟು ಅಂದರೆ ತಲೆ ಕೆರೆದುಕೊಳ್ಳುವವರಿಗೂ ಕಿಲೋ ಹಾವಿನ ದರ ಬಾಯಿಪಾಠ.

ಈ ಹಾವು ಹೂತಿಟ್ಟ ನಿಧಿ ತೋರಿಸುತ್ತದಂತೆ. 1347ರಲ್ಲಿ ಬಹಮನಿಗಳು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಮುಂದಿನ ಶತಮಾನದಲ್ಲಿ ಬೀದರಿಗೆ ಹೋದರು. ಹೋಗುವಾಗ ಬಂಗಾರವನ್ನೆಲ್ಲ ಇಲ್ಲೇ ಹೂತು ಹೋದರು ಅಂತ ನಂಬಿದವರು ಇನ್ನೂ ಇದ್ದಾರೆ. ಇಡೀ ರಾಜಧಾನಿಯನ್ನೇ ಸಾಗಿಸಿದವರು ಬಂಗಾರ ಬಿಟ್ಟು ಪಾತ್ರೆ ಪಡಗ ಮಾತ್ರ ಒಯ್ದರೇ ಅಂತ ಕೇಳಬಾರದು. ಹಾವು ಮಣ್ಣಿನೊಳಗೆ ನುಗ್ಗುವುದು ಇಲಿಗಾಗಿ ಅಂತಲೂ ಹೇಳಬಾರದು. ಗೋಣಿಚೀಲದಲ್ಲಿ ಹಾವು ಕಟ್ಟಿಕೊಂಡು ಹೈವೇ ಢಾಬಾದ ಹಿಂದೆ ಗಿರಾಕಿಗೆ ಕಾಯುತ್ತಾರೆ. ಗಿರಾಕಿ ಬರುತ್ತಾನೆ. ಬಹಳ ಸಲ ಅವನು ಮಫ್ತಿಯಲ್ಲಿರುವ ಪೊಲೀಸ್ ಆಗಿರುತ್ತಾನೆ.

ನರಿಯದ್ದು ಇನ್ನೂ ಮಜಾ. ನರಿಗೆ ಕೊಂಬಿಲ್ಲ. ಆದರೂ ನರಿಕೊಂಬು ಮಾರಾಟವಾಗುತ್ತದೆ. ಇಲ್ಲದ ಕೊಂಬಿಗಾಗಿ ಇರುವ ನರಿ ಸಾಯುತ್ತದೆ. ಚಿಂಚೋಳಿ ಕಾಡಿನ ತೋಳ, ಕತ್ತೆಕಿರುಬಗಳು ಒಂದು ಲೆಕ್ಕದಲ್ಲಿ ಪುಣ್ಯವಂತ ಪ್ರಾಣಿಗಳು. ಮನೆಯಲ್ಲಿಟ್ಟರೆ ಬಿಲ್ಲು ಪಾಸಾಗುತ್ತದೆ ಅಂತ ಅವುಗಳ ಬಗ್ಗೆ ಇನ್ನೂ ಯಾರೂ ಕಥೆ ಕಟ್ಟಿಲ್ಲ.

ಗಿಳಿಯ ವಿಷಯಕ್ಕೆ ಬಂದರೆ, ನಮ್ಮ ಬೇವಿನ ಮರದ ಹಸಿರು ಗಿಳಿಯನ್ನು ಪಂಜರಕ್ಕೆ ಹಾಕಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ದಕ್ಷಿಣ ಅಮೆರಿಕದ ಮಕಾವ್ ಗಿಳಿ ಸಾಕಬೇಕಾ? 2024ರ ನಿಯಮದ ಪ್ರಕಾರ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಿ, ಕಾಗದಪತ್ರ ಇಟ್ಟುಕೊಳ್ಳಿ, ಸಾಕಿ. ಇಲ್ಲಿನ ಗಿಳಿ ಅಂದರೆ ಪೊಟರೆಯಿಂದ ಕದ್ದ ಮರಿ, ಹಾಗಾಗಿ ಕಾನೂನು ಸರಿಯಾಗೇ ಇದೆ. ಆದರೆ ಓಣಿಯಲ್ಲಿ ಅರ್ಥವಾಗಿರುವುದೇ ಬೇರೆ: ಫಾರಿನ್ ಮಾಲಿಗೆ ಯಾವಾಗಲೂ ಮರ್ಯಾದೆ ಜಾಸ್ತಿ.

ಇನ್ನು ಪುಕ್ಕಟೆ ದುಡಿಯುವ ಪ್ರಾಣಿಗಳನ್ನು ನೋಡಿ. ಕೇರೆ ಹಾವಿಗೆ ವಿಷವಿಲ್ಲ. ತೊಗರಿ ಮೂಟೆ ಇಟ್ಟ ಕಡೆ ಇಲಿ ಹುಡುಕಿಕೊಂಡು ತಾನಾಗಿ ಬರುತ್ತದೆ. ಸಂಬಳ ಕೇಳುವುದಿಲ್ಲ. ಅದನ್ನು ಬಡಿಗೆಯಿಂದ ಹೊಡೆದು ಹಾಕಿ, ಅದೇ ದಿನ ಸಂಜೆ ಅಂಗಡಿಗೆ ಹೋಗಿ ಇಲಿ ಪಾಷಾಣ ಕೊಂಡು ತರುತ್ತೇವೆ. ಗೂಬೆಯೂ ಇಲಿ ಹಿಡಿಯುವ ಪ್ರಾಣಿಯೇ. ಕ್ಯಾಲೆಂಡರಿನಲ್ಲಿ ಲಕ್ಷ್ಮಿಯ ವಾಹನವಾಗಿ ಬಂದರೆ ಊದಿನಕಡ್ಡಿ, ಮಾಳಿಗೆಗೆ ಬಂದು ಕೂತರೆ ಕಲ್ಲು. ವಾಹನ ನಿಲ್ಲಿಸಲು ಜಾಗ ಕೊಡದೆ ಲಕ್ಷ್ಮಿ ಮಾತ್ರ ಒಳಗೆ ಬರಲಿ ಅಂದರೆ ಹೇಗೆ?

ಆದರೆ ಇವರೆಲ್ಲ ಚಿಲ್ಲರೆ ಸಾಕಣೆದಾರರು. ನಮ್ಮ ಕಡೆ ಸಗಟಾಗಿ ಕಾಡುಪ್ರಾಣಿ ಸಾಕುತ್ತಿರುವವನು ರೈತ. ಸಾಕುತ್ತೀಯಾ ಅಂತ ಅವನನ್ನು ಯಾರೂ ಕೇಳಿಲ್ಲ, ಅಷ್ಟೇ. ಮುಂಗಾರಿನಲ್ಲಿ ಹೆಸರು, ಸೋಯಾ ಎರಡೆಲೆ ಬಿಡುವಷ್ಟರಲ್ಲಿ ಚಿಗರಿ ಹಿಂಡು ಹೊಲಕ್ಕೆ ಇಳಿದಿರುತ್ತದೆ. ಚಿಗರಿ ಅಂದರೆ ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಪ್ರಾಣಿ ಸರ್ಕಾರದ್ದು, ಮೇವು ರೈತನದು.

ಬೀದರ ಕಡೆಯ ನಮ್ಮ ದೋಸ್ತರೊಬ್ಬರು ಹೊಲದ ಸುತ್ತ ಹೆಂಡತಿಯ ಹಳೇ ಸೀರೆಗಳನ್ನೆಲ್ಲ ಕಟ್ಟಿದರು. ಗುಲಾಬಿ, ಹಳದಿ, ಜರಿ ಅಂಚಿನದೊಂದು. ದೂರದಿಂದ ನೋಡಿದವರು ಯಾರದೋ ಮದುವೆ ಅಂದುಕೊಂಡರು. ಮೊದಮೊದಲು ಚಿಗರಿ ಹೆದರಿದವು. ಆಮೇಲೆ ಊಟ ಮುಗಿಸಿ ಸೀರೆಯ ನೆರಳಲ್ಲೇ ಮಲಗತೊಡಗಿದವು. ಪರಿಹಾರಕ್ಕೆ ಅರ್ಜಿ ಹಾಕಿದರೆ ಫೋಟೋ ಕೇಳಿದರು. ಮೇಯ್ದ ಬೆಳೆಯ ಫೋಟೋ ಅಂದರೆ ಬರೀ ನೆಲದ ಫೋಟೋ.

ಈಗ ಅವರು ಹೊಸ ದಾರಿ ಯೋಚಿಸಿದ್ದಾರೆ. ಚಿಗರಿಗಳ ಹೆಸರನ್ನು ತಮ್ಮ ರೇಷನ್ ಕಾರ್ಡಿಗೆ ಸೇರಿಸಬೇಕಂತೆ. 'ಮೂರು ತಿಂಗಳಿಂದ ನಮ್ಮಲ್ಲೇ ಉಣ್ಣಾಕತ್ಯಾವ್ರಿ, ಕುಟುಂಬದ ಸದಸ್ಯರೇ ಆದವಲ್ಲ' ಅಂತ ಕಚೇರಿಯಲ್ಲಿ ವಾದ. ಗುಮಾಸ್ತರು ತಲೆ ಎತ್ತಲಿಲ್ಲ.

'ಎಲ್ಲಾ ಸದಸ್ಯರೂ ಖುದ್ದು ಬಂದು ಹೆಬ್ಬೆಟ್ಟು ಕೊಡಬೇಕಾಗ್ತದ್ರಿ.'

'ಗೊರಸು ತಗೋತದೇನ್ರಿ ನಿಮ್ಮ ಮಿಷನ್ನು?'

'ಸರ್ವರ್ ಬರ್ಲಿ, ನೋಡೋಣ್ರಿ.'